ತೊಟ್ಟಿನಲ್ಲಿ ಖಾರವಿಲ್ಲ ಎಂಬ ನನ್ನ ಸಂಶೋಧನೆ

ಬ್ಯಾಡಗಿಯಲ್ಲಿ ನಾನು ಮತ್ತು ವೀರೇಶ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದೆವು. ಬಚ್ಚಲು, ಹಂಡೆ, ಅಂಗಳ ಎಲ್ಲವೂ ಮನೆಯೊಡತಿ ಗಂಗವ್ವನ ಜೊತೆ ಪಾಲು. ಒಂದು ಭಾನುವಾರದ ಪೇಪರಿನಲ್ಲಿ, ಮನೆಯಿಂದ ಚಿಟಿಕೆ ಕಸವೂ ಹೊರಬೀಳದಂತೆ ಬದುಕುವುದು ಹೇಗೆ ಎಂಬ ಲೇಖನ ಓದಿದೆ. ಓದಿ ಮುಗಿಸುವಷ್ಟರಲ್ಲಿ ನಾನು ಅರ್ಧ ಮಹಾತ್ಮನಾಗಿದ್ದೆ!

ಮೊದಲ ಬಲಿ, ವೀರೇಶನ ಹರಿದ ಬನಿಯನ್.

"ಏ, ಇವತ್ತು ಚಾ ಭಾರೀ ಐತಲೇ. ಏನ್ ಹಾಕೀದಿ?"

"ಏನೂ ಹಾಕಿಲ್ಲ. ನಿನ್ನ ಬನಿಯನ್ನಿನ್ಯಾಗ ಸೋಸೇನಿ."

ಎರಡು ದಿನ ಅವನು ಮಾತು ಬಿಟ್ಟ. ಮೂರನೆಯ ದಿನ ಮಾತಾಡಲೇಬೇಕಾಯಿತು. ಅವನಿಗೆ ರಾಣೆಬೆನ್ನೂರಿನ ಸಂಬಂಧವೊಂದು ಕುದುರುತ್ತಿತ್ತು. ಹುಡುಗ ಹೇಗಿರುತ್ತಾನೆ ನೋಡಲು ಭಾನುವಾರ ಬೆಳಿಗ್ಗೆ ಬರುತ್ತೇನೆಂದು ಹುಡುಗಿಯ ತಂದೆ ಮೂಲೆಯಂಗಡಿಯ ಕಾಯಿನ್ ಫೋನಿಗೆ ಕರೆ ಮಾಡಿ ಹೇಳಿದ್ದರು. ಅವರು ಒಪ್ಪಿದರೆ ಲಗ್ನ. ಇಲ್ಲದಿದ್ದರೆ ವೀರೇಶನಿಗೆ ಇನ್ನೊಂದು ವರ್ಷ ನನ್ನ ಚಾ.

"ನಿನ್ನ ಕಾಲಿಗೆ ಬೀಳ್ತೇನೋ. ಅವತ್ತೊಂದಿನ ಸುಮ್ನಿರು. ಯಾರನ್ನೂ ಅಣಕಿಸಬ್ಯಾಡ."

ಕಂಡವರ ದನಿ ಅಣಕಿಸುವುದು ನನ್ನ ಹಳೆಯ ಚಟ. ಅದೇ ಗೋಗರೆಯುವ ದನಿಯಲ್ಲಿ, ಅವನನ್ನೇ ಅಣಕಿಸುತ್ತ ಮಾತು ಕೊಟ್ಟೆ.

ಭಾನುವಾರ ಎದ್ದರೆ ಹಂಡೆ ತಣ್ಣಗೆ, ಕಟ್ಟಿಗೆ ಖಾಲಿ! ಮಾವನವರು ಬರುವ ಮೊದಲು ಹುಡುಗನಿಗೆ ಸ್ನಾನವಾಗಬೇಡವೇ? ಮೂಲೆಯಲ್ಲೊಂದು ಚೀಲ ಕಂಡಿತು. ಗಂಗವ್ವ ವ್ಯಾಪಾರಿಗಳ ಒಣಮೆಣಸಿನಕಾಯಿ ತಂದು ಮನೆಯಲ್ಲೇ ತೊಟ್ಟು ಬಿಡಿಸುತ್ತಿದ್ದಳು. ಆ ತೊಟ್ಟಿನ ಚೀಲ. ಅಪ್ಪಟ ಕಸ! ಮೊದಲನೆಯದಾಗಿ, ಖಾರವಿರುವುದು ಕಾಯಿಯಲ್ಲಿ, ತೊಟ್ಟಿನಲ್ಲಲ್ಲ. ಎರಡನೆಯದಾಗಿ, ಬ್ಯಾಡಗಿ ಕಾಯಿಗೆ ಬಣ್ಣವೇ ಹೊರತು ಖಾರ ಅಷ್ಟಕ್ಕಷ್ಟೇ ಎಂದು ಲೋಕವೇ ಹೇಳುತ್ತದೆ. ಚೀಲವನ್ನು ಒಲೆಗೆ ಸುರಿದು ಕಡ್ಡಿ ಗೀರಿದೆ. ಅದರ ತಳದಲ್ಲಿ ಬೀಜ, ಒಡಕು ಕಾಯಿ ಎರಡು ಸೇರಿನಷ್ಟಿವೆ ಎಂದು ಲೋಕ ನನಗೆ ಹೇಳಿರಲಿಲ್ಲ!

ಮೊದಲು ಕೆಮ್ಮಿದ್ದು ಗಂಗವ್ವನ ಎಮ್ಮೆ. ಆಮೇಲೆ ಗಂಗವ್ವ.

"ಯಾರಿಗಲೇ ದೃಷ್ಟಿ ತಗ್ಯಾಕತ್ತೀರಿ, ಇಡೀ ಊರಿಗೇನು?"

ತಲೆಗೆ ಎಣ್ಣೆ ಹಚ್ಚಿಕೊಂಡು ನೀರಿಗೆ ಕಾಯುತ್ತಿದ್ದ ವೀರೇಶ ಟವೆಲ್ಲಿನಲ್ಲೇ ಬೀದಿಗೆ ಓಡಿದ. ಬೀದಿಯಲ್ಲಿ ಮಾವ ನಿಂತಿದ್ದರು!

ಎಣ್ಣೆ, ಟವೆಲ್, ಧಾರಾಕಾರ ಕಣ್ಣೀರು. ಹಿಂದೆ ಸೆರಗಿನಿಂದ ಮುಖ ಮುಚ್ಚಿಕೊಂಡ ಗಂಗವ್ವ. ಮಾವ ದನಿ ತಗ್ಗಿಸಿ ಕೇಳಿದರು: "ಯಾರು ತೀರ್ಕೊಂಡ್ರವ್ವಾ?"

ಅಷ್ಟರಲ್ಲಿ ಘಾಟು ಅವರನ್ನೂ ಮುಟ್ಟಿತು. "ಖ್ಹೊಂ... ಖ್ಹೊಂ... ಶಿವನೇ!"

ಹೊಗೆಯೊಳಗಿಂದ ಆಗಷ್ಟೇ ಹೊರಬಿದ್ದ ನಾನೂ, "ಖ್ಹೊಂ... ಖ್ಹೊಂ... ಶಿವನೇ!" ಎಂದೆ.

ದೇವರಾಣೆ, ಅದು ನನ್ನ ಸ್ವಂತ ಕೆಮ್ಮು!

"ಹಿರ್ಯಾರ್ನ ಅಣಕಿಸ್ತೀಯೇನೋ?" ಮಾವ ಕೆಂಪಾದರು.

"ಅಂವಂದು ಹುಟ್ಟುಗುಣರೀ," ಎಂದು ಗಂಗವ್ವ ನನ್ನ ಪರವಾಗಿ ಸಾಕ್ಷಿ ನುಡಿದಳು.

ನೀರು ಕುಡಿದು, ಕಟ್ಟೆಯ ಮೇಲೆ ಕುಳಿತು ಸುಧಾರಿಸಿಕೊಂಡ ಮೇಲೆ ಅವರು ವೀರೇಶನಿಗೆ ಒಂದೇ ಪ್ರಶ್ನೆ ಕೇಳಿದರು.

"ತಮ್ಮಾ, ನೀ ಹುಡುಗ ಚಲೋ ಅದೀ. ಲಗ್ನ ಆದಮ್ಯಾಲೂ ಇಂವ ನಿನ್ನ ಜೋಡಿನ ಇರ್ತಾನೇನು?"

"ಇಲ್ರೀ ಮಾವಾರ. ಇವತ್ತು ಸಂಜೀಕನ ರೂಮ್ ಖಾಲಿ ಮಾಡಾಕತ್ತಾನ."

ಇದು ನನಗೇ ಹೊಸ ಸುದ್ದಿ!

"ಹಂಗಾದ್ರ ನಮ್ಮದು ಒಪ್ಪಿಗಿ ಐತಿ."

ಗಂಗವ್ವ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ನನ್ನ ಕಣ್ಣು ತುಂಬಿ ಬಂತು. ಘಾಟು, ಇನ್ನೇನಿಲ್ಲ ಎಂದುಕೊಂಡೆ.

ಒಲೆ ಆರಿ ಅರ್ಧ ಗಂಟೆಯಾಗಿತ್ತು.