ಅಕ್ಕಾತಾಯಿ ಉರ್ಫ್ ಶೋಭಾ

ಮಿಲಿಟರಿಯಲ್ಲಿದ್ದು ಬಂದವನಿಗೆ ಯಾವುದರ ಅಂಜಿಕೆಯೂ ಇರುವುದಿಲ್ಲ ಎಂದು ನಮ್ಮ ಕರೋಶಿಯ ಜನ ತಿಳಿದಿದ್ದಾರೆ. ಆ ತಿಳಿವಳಿಕೆಯನ್ನು ಕೆಡಿಸಲು ನಾನೂ ಹೋಗಿಲ್ಲ. ಮೀಸೆ ತಿರುವುತ್ತ ಕಟ್ಟೆಯ ಮೇಲೆ ಕೂತು, ಹಿಮದಲ್ಲಿ ಕಾವಲು ನಿಂತ ಕತೆಯನ್ನು ವರ್ಷವರ್ಷಕ್ಕೂ ಸ್ವಲ್ಪ ಹೆಚ್ಚು ಹಿಮ ಸುರಿಸಿ ಹೇಳಿಕೊಂಡು ಬಂದಿದ್ದೇನೆ. ಆದರೆ ಓದುಗರ ಮುಂದೆ ಮುಚ್ಚಿಡುವುದೇನು, ನನಗೂ ಒಂದು ಅಂಜಿಕೆ ಇದೆ. ಅದು ಕಂದು ಬಣ್ಣದ ಸರಕಾರಿ ಲಕೋಟೆಯದು. ಪೋಸ್ಟಮನ್ನನ ಮೋಟಾರ್ ಸೈಕಲ್ಲಿನ ಸಪ್ಪಳ ನಮ್ಮ ಓಣಿಗೆ ತಿರುಗಿತೆಂದರೆ ಎದೆ ಡವಗುಟ್ಟುತ್ತದೆ. ಎದೆಯೊಳಗೆ ಸ್ಟೆಂಟ್ ಕೂತಿರುವುದರಿಂದ ಹಾಗೆ ಡವಗುಟ್ಟುವುದು ಒಳ್ಳೆಯದಲ್ಲವೆಂದು ಡಾಕ್ಟರು ನನಗೆ ಹೇಳಿದ್ದಾರೆ. ಪೋಸ್ಟಮನ್ನನಿಗೆ ಅವರು ಏನೂ ಹೇಳಿಲ್ಲ.

ಇದೆಲ್ಲ ಶುರುವಾದದ್ದು ಆ ಸ್ಟೆಂಟ್ ಹಾಕಿಸಿಕೊಂಡು ಮಿರಜದಿಂದ ಮನೆಗೆ ಬಂದ ಮೇಲೆ. ಹಾಸಿಗೆಯಲ್ಲಿ ಬಿದ್ದುಕೊಂಡವನಿಗೆ ಬರುವ ವಿಚಾರಗಳು ಒಳ್ಳೆಯವಿರುವುದಿಲ್ಲ. ನನ್ನ ಜೊತೆಗೇ ಮಿಲಿಟರಿಗೆ ಭರ್ತಿಯಾಗಿದ್ದ ಐಗಳಿಯ ಗೆಳೆಯನೊಬ್ಬ ನೆನಪಾದ. ಅವನು ಹೊಲಕ್ಕೆ ಹೋದವನು ಅಲ್ಲಿಯೇ ಕುಸಿದು ಹೋದ. ಅವನ ದಾಖಲೆಯಲ್ಲಿ ಏನೋ ಹೊಂದಲಿಲ್ಲವೆಂದು ಅವನ ಹೆಂಡತಿ ಕಾಗದದ ಕೈಚೀಲ ಹಿಡಿದು ಇನ್ನೂ ಕಚೇರಿ ಕಚೇರಿ ಅಲೆಯುತ್ತಿದ್ದಾಳೆ. ಗಂಡನ ಪಿಂಚಣಿ ಅವಳಿಗೆ ಇನ್ನೂ ಬಂದಿಲ್ಲ. ನಾನು ಗಾಬರಿಯಾಗಿ ಟ್ರಂಕು ತೆಗೆಸಿ ನನ್ನ ಕಾಗದಗಳನ್ನು ನೋಡಿದೆ. ನನ್ನ ಸರ್ವಿಸ್ ದಾಖಲೆಯಲ್ಲಿ ಹೆಂಡತಿಯ ಹೆಸರು ಶೋಭಾ. ನನ್ನ ಹೆಂಡತಿಯ ಆಧಾರ್ ಕಾರ್ಡಿನಲ್ಲಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ, ಎಲ್ಲ ಕಡೆ ಹೆಸರು ಅಕ್ಕಾತಾಯಿ. ನಾನು ಕಣ್ಣು ಮುಚ್ಚಿದರೆ ಪಿಂಚಣಿ ಶೋಭಾಗೆ ಹೋಗುತ್ತದೆ, ಅಕ್ಕಾತಾಯಿ ಕೈಚೀಲ ಹಿಡಿಯುತ್ತಾಳೆ.

ಇಬ್ಬರೂ ಒಬ್ಬಳೇ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಸರಕಾರಕ್ಕೆ ಹೇಳಿದಷ್ಟು ಕಷ್ಟ ನಿಮಗೆ ಹೇಳಲು ಆಗಲಾರದು. ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಇದೆ. ತಾಟಿನಲ್ಲಿ ಅಕ್ಕಿ ಹರಡಿ, ಮದುಮಗ ತನ್ನ ಉಂಗುರದಿಂದ ಅದರಲ್ಲಿ ಹೆಸರು ಬರೆಯಬೇಕು. ನಮ್ಮ ಮನೆಯಲ್ಲಿ ಅದು ಬರೀ ಪದ್ಧತಿಯಾಗಿರಲಿಲ್ಲ, ಗರಜೂ ಆಗಿತ್ತು. ಯಾಕೆಂದರೆ ನನ್ನ ಅವ್ವನ ಹೆಸರೂ ಅಕ್ಕಾತಾಯಿ. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಗದರುವುದು ಹೇಗೆ? ಗದರದೆ ಸಂಸಾರ ನಡೆಯುವುದು ಹೇಗೆ? ರಜೆಯ ಮೇಲೆ ಬಂದಿದ್ದ ನಾನು ತಾಟಿನ ಮುಂದೆ ಉಂಗುರ ಹಿಡಿದು ಕೂತಾಗ ಭಾವ ಹಿಂದಿನಿಂದ, “ಲಗೂನ ಬರಿಯೋ, ಮಂದಿ ಊಟಕ್ಕ ಕುಂತಾರ” ಅಂದ. ಶೋಭಾ ಎಂದು ಬರೆದೆ. ಯಾಕೆ ಶೋಭಾ ಎಂದರೆ, ಎರಡೇ ಅಕ್ಷರ, ಅಕ್ಕಿಯಲ್ಲಿ ಬರೆಯಲು ಸುಲಭ. ರಜೆ ಮುಗಿಸಿ ಹೋಗಿ ಪಲ್ಟನ್ನಿನಲ್ಲಿಯೂ ಅದನ್ನೇ ಬರೆಸಿದೆ. ಗಡಿಯಿಂದ ಊರಿಗೆ ಬರೆದ ಪತ್ರಗಳಲ್ಲೆಲ್ಲ ‘ಸೌಭಾಗ್ಯವತಿ ಶೋಭಾಳಿಗೆ’ ಎಂದೇ ಶುರು. ಮುಂದೆ ಆಧಾರ್ ಮಾಡಿಸುವವರು ಊರಿಗೆ ಬಂದು ಹುಟ್ಟಿದ ತಾರೀಖಿನ ಪುರಾವೆ ಕೇಳಿದಾಗ, ಇವಳ ತವರಿನಿಂದ ಶಾಲೆಯ ದಾಖಲೆ ಬಂತು. ಅದರಲ್ಲಿ ಅಕ್ಕಾತಾಯಿ ಇದ್ದಳು. ಅವ್ವ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರಿಂದ ಯಾರ ಆಕ್ಷೇಪಣೆಯೂ ಇರಲಿಲ್ಲ.

ಅರ್ಜಿ ಬರೆದೆ. ದಾಖಲೆಯಲ್ಲಿರುವ ಶೋಭಾ ಮತ್ತು ಆಧಾರ್ ಕಾರ್ಡಿನ ಅಕ್ಕಾತಾಯಿ ಒಬ್ಬಳೇ ಹೆಂಗಸು, ತಿದ್ದುಪಡಿ ಮಾಡಬೇಕಾಗಿ ವಿನಂತಿ, ಎಂದು ನೆಟ್ಟಗೆ ನಾಲ್ಕು ಸಾಲು. ಬಹಳ ದಿನಗಳ ಮೇಲೆ ರೆಕಾರ್ಡ್ ಆಫೀಸಿನಿಂದ ಕಂದು ಲಕೋಟೆ ಬಂತು. ಅದರ ಸಾರಾಂಶ ಹೀಗಿತ್ತು: ನಮ್ಮ ದಾಖಲೆಯ ಪ್ರಕಾರ ಅಕ್ಕಾತಾಯಿ ಎಂಬವರು ನಿಮ್ಮ ತಾಯಿ. ನಿಮ್ಮ ತಾಯಿ ಮತ್ತು ನಿಮ್ಮ ಹೆಂಡತಿ ಒಬ್ಬರೇ ಎಂದು ತಾವು ತಿಳಿಸಿದ್ದೀರಿ. ಅಲ್ಲದೆ ಅಕ್ಕಾತಾಯಿಯವರು ನಿಧನರಾದ ಬಗ್ಗೆ ಹಿಂದೆ ತಾವೇ ವರದಿ ಮಾಡಿದ್ದೀರಿ. ಸ್ಪಷ್ಟೀಕರಣ ಕೊಡುವುದು.

ನಾನು ಪತ್ರವನ್ನು ಎರಡು ಸಲ ಓದಿದೆ. ಬರೆದವನ ತಪ್ಪೇನೂ ಕಾಣಲಿಲ್ಲ. ಅವನ ಮುಂದೆ ಇದ್ದ ಕಾಗದಗಳು ಹೇಳಿದ್ದನ್ನು ಅವನು ಬರೆದಿದ್ದ, ಆ ಕಾಗದಗಳನ್ನು ಕೊಟ್ಟವನು ನಾನು. ರೊಟ್ಟಿ ಬಡಿಯುತ್ತಿದ್ದ ಹೆಂಡತಿಗೆ ವಿಷಯ ತಿಳಿಸಿದೆ. ಅವಳು ಕೈ ನಿಲ್ಲಿಸಲಿಲ್ಲ. “ನಾ ಸತ್ತೀನೋ, ಹುಟ್ಟೇ ಇಲ್ಲೋ, ಅದನ್ನರ ಬರದ ಕೇಳ್ರಿ” ಅಂದಳು.

ಪತ್ರ ಹಿಡಿದುಕೊಂಡು ಮಾಜಿ ಸೈನಿಕರ ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತನೂ ನಮ್ಮಂತೆ ನಿವೃತ್ತನಾದವನೇ, ಒಳ್ಳೆಯ ಮನುಷ್ಯ. ಎಲ್ಲವನ್ನೂ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಹವಾಲ್ದಾರ ಸಾಹೇಬ್ರ, ಕಾಗದದ ಪ್ರಕಾರ ನಿಮಗ ಹೆಂಡ್ತೀನ ಇಲ್ರಿ. ಒಬ್ಬಾಕಿ ತೀರಿಕೊಂಡಾಳ, ಇನ್ನೊಬ್ಬಾಕಿ ಇದ್ದಾಳ ಅನ್ನಾಕ ಪುರಾವೆ ಇಲ್ಲ.”

“ಮತ್ತ ಮನ್ಯಾಗ ರೊಟ್ಟಿ ಬಡ್ಯಾಕತ್ತಾಕಿ ಯಾರ್ರಿ?”

“ಅದನ್ನ ಅವ್ರು ಕೇಳಿಲ್ಲಲ್ರಿ” ಅಂದ. ಆಮೇಲೆ ಚಹಾ ತರಿಸಿ, ಮೆಲ್ಲಗೆ, “ಒಂದ ಮಾತ ಹೇಳ್ತೀನಿ, ಸಿಟ್ಟ ಆಗಬ್ಯಾಡ್ರಿ. ಇದು ಮುಗಿಯೂತನಾ ನೀವು ಗಟ್ಟಿ ಇರಬೇಕು. ನೀವು ಹ್ವಾದಮ್ಯಾಲ ಬಂದು ಕೇಳಾಕ ಕಾಗದದಾಗ ಯಾರೂ ಇಲ್ಲ” ಅಂದ. ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಮಾತು ಎದೆಯಲ್ಲಿ ಕೂತಿತ್ತು. ಸ್ಟೆಂಟಿಗಿಂತ ಅದೇ ಭಾರವಾಗಿತ್ತು.

ಗುಮಾಸ್ತ ಹೇಳಿದಂತೆ ಅಫಿಡವಿಟ್ ಮಾಡಿಸಲು ಇಬ್ಬರೂ ಚಿಕ್ಕೋಡಿಗೆ ಹೋದೆವು. ಕೋರ್ಟಿನ ಎದುರಿನ ವಕೀಲರು ಇವಳಿಗೆ, “ನಿಮ್ಮ ಯಜಮಾನ್ರ ಹೆಸರ ಹೇಳ್ರಿ ಅಕ್ಕಾರ” ಅಂದರು. ಇವಳು ಸುಮ್ಮನೆ ನನ್ನ ಕಡೆ ನೋಡಿದಳು. ಇಷ್ಟು ವರ್ಷದಲ್ಲಿ ಇವಳು ನನ್ನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ನಮ್ಮ ಕಡೆಯ ಹಳೆಯ ಹೆಂಗಸರು ಗಂಡನ ಹೆಸರು ಹೇಳುವುದಾದರೆ ಒಡಪಿನಲ್ಲಿ ಕೂಡಿಸಿ ಹೇಳುತ್ತಾರೆ. ವಕೀಲರಿಗೂ ಅದು ಗೊತ್ತಿತ್ತು. “ಒಡಪ ಹಾಕಿನ ಹೇಳ್ರಿ ಮತ್ತ, ನನಗೇನ್ ಅಡ್ಡಿಯಿಲ್ಲ” ಅಂದರು. ಇವಳು ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ ಹೇಳಿದಳು:

“ಕೃಷ್ಣಾ ತುಂಬಿ ಬಂದರ ಕುಡಚಿ ಸೇತುವಿ ಕಾಣೂದಿಲ್ಲ,
ಬಾಳಾಸಾಹೇಬರ ಕಾಗದದಾಗ ನಾ ಎಲ್ಲೂ ಕಾಣೂದಿಲ್ಲ.”

ವಕೀಲರು ನಕ್ಕರು, ಟೈಪಿಂಗಿನವನು ನಕ್ಕ, ಸ್ಟಾಂಪು ಮಾರುವವನೂ ನಕ್ಕ. ಬಾಳಾಸಾಹೇಬನಾದ ನಾನು ನಗುವ ಹಾಗೆ ಮುಖ ಮಾಡಿಕೊಂಡೆ. ಒಳಗೆ ಮಾತ್ರ ಬಹಳ ಕೆಟ್ಟದೆನಿಸಿತು. ಅವಳ ಕಣ್ಣಿನಲ್ಲಿ ನಗು ಇರಲಿಲ್ಲ.

ಅಫಿಡವಿಟ್, ಪೇಪರಿನ ಜಾಹೀರಾತು, ಅವ್ವನ ಮರಣದ ದಾಖಲೆ, ಇವಳ ಶಾಲೆಯ ದಾಖಲೆ ಎಲ್ಲವನ್ನೂ ಕಟ್ಟಿ ಕಳಿಸಿದೆವು. ತಾಯಿ ಮಗನಿಗಿಂತ ಚಿಕ್ಕವಳಾಗಿರಲು ಸಾಧ್ಯವಿಲ್ಲ ಎಂಬ ಅಂಶದ ಕೆಳಗೆ ಗುಮಾಸ್ತ ಗೆರೆ ಎಳೆದ. ಅಂದಿನಿಂದ ಮನೆಯಲ್ಲಿ ನನ್ನ ಮೇಲೆ ಪಹರೆ ಶುರುವಾಯಿತು. ಬೆಳಿಗ್ಗೆ ಹಾಗಲಕಾಯಿ ರಸ, ಮಧ್ಯಾಹ್ನ ಉಪ್ಪಿಲ್ಲದ ಬೇಳೆ, ಚಹಾಕ್ಕೆ ಸಕ್ಕರೆ ಬಂದ್. ಸಕ್ಕರೆ ಡಬ್ಬಿ ನನ್ನ ಕೈಗೆ ಸಿಗದ ಜಾಗಕ್ಕೆ ಹೋಯಿತು. “ಕಾಗದ ಬರೂತನಾ ಬಾಯಿ ಕಟ್ರಿ” ಅನ್ನುತ್ತಿದ್ದಳು. ಸುಬೇದಾರರ ಕೈಕೆಳಗೆ ಇಷ್ಟು ಶಿಸ್ತು ಕಂಡವನಲ್ಲ ನಾನು. ಇವಳು ಕಾಯುತ್ತಿರುವುದು ನನ್ನನ್ನೋ ಪಿಂಚಣಿಯನ್ನೋ ಎಂಬ ಸಂಶಯವೂ ಆಗಾಗ ಬರುತ್ತಿತ್ತು. ಉಪ್ಪಿಲ್ಲದ ಬೇಳೆ ಉಂಡರೆ ಬುದ್ಧಿ ಹಾಗೆಯೇ ಓಡುತ್ತದೆ.

ಮೊನ್ನೆ ಲಕೋಟೆ ಬಂತು. ಎದೆ ಹಿಡಿದುಕೊಂಡೇ ಒಡೆದೆ. ಪತ್ನಿಯ ಹೆಸರು ಅಕ್ಕಾತಾಯಿ ಎಂದು ತಿದ್ದಲಾಗಿದೆ, ಶೋಭಾ ಎಂಬ ಹೆಸರನ್ನು ರದ್ದುಪಡಿಸಲಾಗಿದೆ. ನಾನು ಗೆದ್ದವನ ಹಾಗೆ ಒಳಗೆ ಹೋದೆ. ಇವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ಆತ ನೋಡ. ಇನ್ನ ನಾ ಹೋದ್ರೂ ನಿನಗ ಚಿಂತಿ ಇಲ್ಲ.”

“ಮತ್ತ ಶೋಭಾ?” ಅಂದಳು.

“ಆಕಿ ರದ್ದ ಆದ್ಲು.”

ಅವಳು ಜೋಳದಲ್ಲಿ ಹರಳು ಹುಡುಕುತ್ತಲೇ ಇದ್ದಳು. ಕೊನೆಗೆ, “ತವರಮನ್ಯಾಗ ಅಕ್ಕಾತಾಯಿ ಅಂತಾರ. ಅತ್ತಿ ಇರೂತನಾ ಏ ಹುಡುಗಿ ಅಂದ್ರು. ಊರ ಮಂದಿ ಹವಾಲ್ದಾರನ ಹೆಂಡ್ತಿ ಅಂತಾರ. ಶೋಭಾ ಅಂತ ಕರದಾವ್ರು ನೀವೊಬ್ರ. ನೀವ ಅರ್ಜಿ ಕೊಟ್ಟ ತಗಸಿದ್ರಿ” ಅಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ನಾನು ಪತ್ರವನ್ನು ಮಡಚಿ ಲಕೋಟೆಗೆ ಹಾಕಿದೆ.

ಸಂಜೆ ಚಹಾದ ಹೊತ್ತಿಗೆ ಅವಳನ್ನು ಕರೆಯಲು ಬಾಯಿ ತೆರೆದೆ. ಅಕ್ಕಾತಾಯಿ ಎನ್ನೋಣವೆಂದರೆ ಗೋಡೆಯ ಫೋಟೋದಿಂದ ಅವ್ವ ನನ್ನನ್ನೇ ನೋಡುತ್ತಿದ್ದಳು. ಇನ್ನೊಂದು ಹೆಸರು ರದ್ದಾಗಿತ್ತು. ಸುಮ್ಮನೆ ಎದ್ದು ನಾನೇ ಚಹಾ ಮಾಡಿದೆ. ಅವಳ ಮುಂದೆ ಒಂದು ಕಪ್ಪು ಇಟ್ಟು, ಕಾಗದ ಬಂದಾಯಿತಲ್ಲ ಎಂಬ ಧೈರ್ಯದಿಂದ ಸಕ್ಕರೆ ಡಬ್ಬಿ ಎಲ್ಲಿ ಎಂದು ಕೇಳಿದೆ.

“ಇಲ್ರಿ, ಸಿಗೂದಿಲ್ಲ” ಅಂದಳು.

“ಪಿನ್ಷನ್ ಗಟ್ಟಿ ಆತಲ್ಲ, ಇನ್ಯಾಕ?”

“ಪಿನ್ಷನ್ ಬರೂದು ಅಕ್ಕಾತಾಯಿಗೆ” ಅಂದಳು. “ಶೋಭಾಗ ನೀವ ಬೇಕು.”

ಆ ಚಹಾವನ್ನು ಸಕ್ಕರೆ ಇಲ್ಲದೆಯೇ ಕುಡಿದೆ. ನಿನ್ನೆ ಕೂತು ಹೊಸ ಅರ್ಜಿಯೊಂದನ್ನು ಬರೆದಿದ್ದೇನೆ: ಪತ್ನಿಯ ಹೆಸರನ್ನು ‘ಅಕ್ಕಾತಾಯಿ ಉರ್ಫ್ ಶೋಭಾ’ ಎಂದು ತಿದ್ದಿ ಕೊಡಬೇಕಾಗಿ ವಿನಂತಿ. ಲಕೋಟೆಯ ಬಾಯಿಗೆ ಅಂಟು ಹಚ್ಚಿ, ವಿಳಾಸ ಬರೆದು, ಟಪಾಲು ಚೀಟಿಯನ್ನೂ ಅಂಟಿಸಿದ್ದಾಗಿದೆ. ಪೋಸ್ಟಿನ ಡಬ್ಬಿಗೆ ಹಾಕುವ ಧೈರ್ಯವೊಂದು ಇನ್ನೂ ಬಂದಿಲ್ಲ. ಇದನ್ನು ಮಾತ್ರ ದಯವಿಟ್ಟು ನಮ್ಮೂರ ಕಟ್ಟೆಯ ಮೇಲೆ ಯಾರಿಗೂ ಹೇಳಬೇಡಿ.