ಬೋರಪ್ಪ ಮಾವ ನನ್ನನ್ನು ನೋಡಿದ್ದು

ಮದ್ಯವು ನಾಲಿಗೆಯನ್ನು ಕೆಡಿಸುತ್ತದೆ ಎಂದು ಲೋಕವೆಲ್ಲ ಹೇಳುತ್ತದೆ. ಕಣ್ಣನ್ನು ಕೆಡಿಸುತ್ತದೆ ಎಂಬುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನಾಲಿಗೆಯ ತಪ್ಪು ಬೀದಿಗೆಲ್ಲ ಕೇಳಿಸುತ್ತದೆ. ಕಣ್ಣಿನ ತಪ್ಪು ಕುಡಿದವನೊಬ್ಬನಿಗೇ ಕಾಣಿಸುತ್ತದೆ, ಅವನೋ ಅದನ್ನು ತಪ್ಪೆಂದು ಒಪ್ಪುವುದಿಲ್ಲ. ನಾನು ಜೀವಮಾನದಲ್ಲಿ ಒಂದು ಹನಿಯನ್ನೂ ಮುಟ್ಟಿದವನಲ್ಲ. ಆದರೂ ಈ ವಿಷಯದಲ್ಲಿ ಮಾತನಾಡುವ ಅಧಿಕಾರ ನನಗಿದೆಯೆಂದು ಇತ್ತೀಚಿನವರೆಗೂ ನಂಬಿದ್ದೆ, ಏಕೆಂದರೆ ನಾನು ಕುಡಿದ ಕಣ್ಣಿನಿಂದ ನೋಡಲ್ಪಟ್ಟವನು. ಕರ್ಮಣಿ ಪ್ರಯೋಗ ಕನ್ನಡಕ್ಕೆ ಒಗ್ಗುವುದಿಲ್ಲವೆಂದು ಶಾಲೆಯಲ್ಲಿ ಮಕ್ಕಳಿಗೆ ಬಾರಿಬಾರಿಗೂ ಹೇಳುತ್ತಿದ್ದೆ. ಆದರೆ ವರಪರೀಕ್ಷೆಗೆ ಕುಳಿತವನ ಸ್ಥಿತಿಯನ್ನು ಬೇರೆ ಯಾವ ಪ್ರಯೋಗದಲ್ಲೂ ಹೇಳಲಾಗದು.

ಕಾಲು ಶತಮಾನದ ಹಿಂದೆ ನಾನು ನಂಜನಗೂಡಿನ ಶಾಲೆಯೊಂದರಲ್ಲಿ ಕನ್ನಡ ಮೇಷ್ಟರಾಗಿದ್ದೆ. ಟಿ. ನರಸೀಪುರದ ಕಡೆಯ ಹೆಣ್ಣೊಂದರ ಪ್ರಸ್ತಾಪ ಬಂದು, ಗಂಡನ್ನು ನೋಡಿಬರಲು ಹುಡುಗಿಯ ಸೋದರಮಾವ ಬೋರಪ್ಪನವರು ಒಬ್ಬರೇ ಬಂದರು. ಹುಡುಗಿಯ ತಂದೆ ಹಾಸಿಗೆ ಬಿಟ್ಟು ಏಳುವ ಸ್ಥಿತಿಯಲ್ಲಿರಲಿಲ್ಲ. ಊರಿಗೆ ಹಿಂದಿರುಗಿ, ಸಾರಾಯಿಯ ವಾಸನೆಯೊಡನೆ ಅವರು ಒಪ್ಪಿಸಿದ ವರದಿ ಹೀಗಿತ್ತಂತೆ: ಗಂಡು ಎತ್ತರದ ಆಳು, ತಲೆ ತುಂಬ ಕೂದಲು, ಮಾತು ಬಹಳ ಕಡಿಮೆ. ಮುಂದೆ ನಾವು ಹೆಣ್ಣು ನೋಡಲು ಹೋದಾಗ ಆ ಹುಡುಗಿ ಪದ್ಮ ತಲೆ ತಗ್ಗಿಸಿಕೊಂಡೇ ಕಾಫಿ ಕೊಟ್ಟಳು. ನನ್ನ ಪಾದಗಳನ್ನಷ್ಟೇ ನೋಡಿದಳು. ಪಾದಗಳ ಬಗ್ಗೆ ಅವಳಿಗೆ ಇಂದಿಗೂ ದೂರಿಲ್ಲ. ಉಳಿದದ್ದನ್ನು ಅವಳು ಮದುವೆಯಾದ ಮೇಲೆ ನೋಡಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಏನೇ ಕೆಟ್ಟರೂ, ಹಾಲು ಉಕ್ಕಿದರೂ, ನಾನು ಮದುವೆಗೆ ಹೋದಲ್ಲಿ ಲಗ್ನಪತ್ರಿಕೆಯ ಕಾಗುಣಿತ ತಿದ್ದಿ ಬೀಗರ ಮುಖ ಕೆಡಿಸಿದರೂ, ಅವಳದು ಒಂದೇ ಮಾತು: “ಅವತ್ತು ಮಾವ ಕುಡೀದೆ ಬಂದಿದ್ರೆ ನಾನ್ಯಾಕ್ರೀ ಇಲ್ಲಿರ್ತಿದ್ದೆ?” ನಾನೂ “ಹೌದು” ಎನ್ನುತ್ತಿದ್ದೆ. ಆ ‘ಹೌದು’ ಎಂಬುದರಲ್ಲಿ ನನಗೊಂದು ನೆಮ್ಮದಿಯಿತ್ತು. ತಪ್ಪು ಅವಳದಲ್ಲ, ನನ್ನದಂತೂ ಅಲ್ಲ. ಎಲ್ಲವೂ ಆ ಸಾರಾಯಿಯದು. ನಮ್ಮ ದಾಂಪತ್ಯ ಇಷ್ಟು ಕಾಲ ಬೀಳದೆ ನಿಂತಿದ್ದು ಈ ಒಂದು ಊರುಗೋಲಿನ ಮೇಲೆ.

ಕಳೆದ ಕೆಲವು ತಿಂಗಳಿಂದ ಬೋರಪ್ಪ ಮಾವನ ಕಣ್ಣು ಕೈಕೊಡತೊಡಗಿತು. ಹೊಲದಲ್ಲಿ ಹಣ್ಣು ಮೆಣಸಿನಕಾಯಿಗೂ ಹಸಿಯದಕ್ಕೂ ವ್ಯತ್ಯಾಸ ತಿಳಿಯದೆ ಎಲ್ಲವನ್ನೂ ಒಟ್ಟಿಗೆ ಕಿತ್ತುಹಾಕಿದರು. ಎದುರಿಗೆ ಬಂದವರನ್ನು ನೇರವಾಗಿ ನೋಡದೆ ಕತ್ತು ತಿರುಗಿಸಿ ಓರೆಗಣ್ಣಿನಿಂದ ನೋಡತೊಡಗಿ, ಬೀದಿಯ ಹೆಂಗಸರಿಂದ ಈ ವಯಸ್ಸಿನಲ್ಲಿ ಬೈಸಿಕೊಂಡರು. ನಂಜನಗೂಡಿನ ಕಣ್ಣಿನ ವೈದ್ಯರಿಗೆ ತೋರಿಸುವ ಹೊಣೆ ನನ್ನ ಪಾಲಿಗೆ ಬಂತು. ಮನೆಗೆ ಬಂದವರು ನನ್ನತ್ತ ಮುಖವೆತ್ತಿ, “ಮೇಷ್ಟ್ರೇ, ನಿಮ್ ಎಲ್ಡು ಕಿವೀನೂ ಕಾಣ್ತವೆ. ಮಧ್ಯದಾಗೆ ಏನೂ ಇಲ್ಲ ಕಣ್ರೀ,” ಎಂದರು. ಒಳಗಿನಿಂದ ಪದ್ಮ, “ನೀವು ಪುಣ್ಯವಂತ್ರು ಮಾವ,” ಎಂದಳು. ಎಂದವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ವೈದ್ಯರು ತಾಳ್ಮೆಯುಳ್ಳವರು. ಕುಡಿದಾಗ ಎರಡು ಕಣ್ಣುಗಳನ್ನು ಒಂದೇ ಕಡೆ ಹಿಡಿದಿಡುವ ಬಿಗಿ ಸಡಿಲಿ ಒಂದು ಎರಡಾಗಿ ಕಾಣುತ್ತದೆ, ಎದುರಿನ ದೀಪಕ್ಕೆ ಕುಕ್ಕಿದ ಕಣ್ಣು ಬೇಗ ಸುಧಾರಿಸುವುದಿಲ್ಲ, ಇವೆಲ್ಲ ಅಮಲಿನೊಡನೆ ಇಳಿದುಹೋಗುತ್ತವೆ ಎಂದು ಅವರು ವಿವರಿಸಿದರು. ಆದರೆ ವರ್ಷಗಟ್ಟಲೆ ಸರಿಯಾದ ಊಟವಿಲ್ಲದೆ ಕುಡಿದವರಲ್ಲಿ ಕಣ್ಣಿನ ನರವೇ ಸೊರಗುತ್ತದೆಯಂತೆ. ಮೊದಲು ಕೆಂಪು ಬಣ್ಣ ಮಾಸುತ್ತದೆ. ಆಮೇಲೆ ನೋಟದ ನಡುವೆ ಮಬ್ಬು ಕವಿದು ಅಂಚು ಮಾತ್ರ ಉಳಿಯುತ್ತದೆ.

“ಕನ್ನಡ್ಕ ಬರ್ಕೊಡಿ ಸಾ, ದಪ್ಪುದ್ದೇ ಆಗ್ಲಿ,” ಎಂದರು ಮಾವ.

“ಕನ್ನಡಕದಿಂದ ಆಗಲ್ಲ ಯಜಮಾನ್ರೇ. ಇವತ್ತಿಂದ್ಲೇ ಕುಡಿಯೋದು ನಿಲ್ಸಿ, ಹೊಟ್ಟೆ ತುಂಬ ಊಟ ಮಾಡಿ, ಈ ಮಾತ್ರೆ ತಗೊಳ್ಳಿ. ನಿಲ್ಸಿದ್ರೆ ಒಂದಿಷ್ಟು ವಾಪಸ್ ಬರಬಹುದು. ಇಲ್ಲಾಂದ್ರೆ ಇರೋದೂ ಹೋಗುತ್ತೆ.”

ಮಾವನನ್ನು ಊರಿಗೆ ಬಿಟ್ಟುಬರಲು ಹೊರಟು, ಬಸ್ಸು ಬದಲಿಸಲು ನರಸೀಪುರದಲ್ಲಿ ಇಳಿದೆವು. ಬಸ್ಸಿನ ಬೋರ್ಡನ್ನು ಓದಲಾಗದ ಮಾವ, ರಸ್ತೆಯಾಚೆಯ ವೈನ್ಸ್ ಅಂಗಡಿಯತ್ತ ಯಾರ ನೆರವೂ ಇಲ್ಲದೆ ತಿರುಗಿದರು. “ಇವತ್ತೊಂದಿನ ಕಣ್ರೀ ಮೇಷ್ಟ್ರೇ, ನಾಳಿಂದ ಬುಟ್ಟೆ,” ಎಂದರು. ನಾನು ಅವರ ತೋಳು ಹಿಡಿದೆ. ಮೊದಲು ಆರೋಗ್ಯದ ವಾದ, ಅನಂತರ ಸಂಸಾರದ ವಾದ, ಎರಡನ್ನೂ ಕ್ರಮವಾಗಿ ಮಂಡಿಸಿ ಸೋತ ಮೇಲೆ ಕೊನೆಯ ಅಸ್ತ್ರ ತೆಗೆದೆ.

“ಮಾವ, ಕುಡಿದ ಕಣ್ಣಿನಿಂದ ನನ್ನನ್ನು ನೋಡಿ ಪದ್ಮಳಿಗೆ ಮಾಡಿದ ಅನ್ಯಾಯವನ್ನು ನೆನೆದಾದರೂ ಬಿಡಿ.”

ಮಾವ ನಿಂತರು. “ಯಾರ್ ಏಳಿದ್ದು ಕುಡ್ದಿದ್ದೆ ಅಂತ? ನಿಮ್ಮುನ್ನ ನೋಡಾಗ ಒಂದ್ ತೊಟ್ಟೂ ಮುಟ್ಟಿರ್ನಿಲ್ಲ. ನಮ್ ಭಾವ ಕುಡ್ದು ಕುಡ್ದು ಆಸ್ಗೆ ಇಡ್ದಿದ್ದ. ಆ ಮಗೀಗೆ ಇನ್ನೊಬ್ಬ ಕುಡುಕ ಬ್ಯಾಡ ಅಂತ ಬೆಳಿಗ್ಗಿಂದ ಬಾಯ್ ಕಟ್ಕಂಡು ಬಂದಿದ್ದೆ. ಚೆಂದಾಗೇ ನೋಡ್ದೆ. ಗಿಡ್ಡ. ಅಣೆ ನೆತ್ತಿಗಂಟ. ಮಾತು ನಿಲ್ನೇ ಇಲ್ಲ, ನನ್ ಕಾಫಿ ಆರೋಯ್ತು. ಆದ್ರೆ ಈ ಆಳು ಕುಡಿಯಾಕಿಲ್ಲ ಅನ್ನದು ಕಾಣ್ತು. ಸಾಕು ಅಂದ್ಕಂಡೆ.”

“ಮತ್ತೆ ಎತ್ತರ, ದಟ್ಟವಾದ ಕೂದಲು, ಮಿತಭಾಷಿ ಎಂದೆಲ್ಲ ಹೇಳಿದ್ದು?”

“ಅದ್ನ ಏಳಕ್ಕೇ ಕುಡ್ದಿದ್ದು ಕಣ್ರೀ. ಅಂಗೇ ಸುಮ್ನೆ ಬಾಯ್ ಬತ್ತದಾ? ನಿಮ್ಮುನ್ನ ನೋಡ್ಬುಟ್ಟು ಸೀದಾ ಈ ಅಂಗ್ಡಿಗೇ ಬಂದೆ.”

ನನ್ನ ಕೈ ಅವರ ತೋಳಿನಿಂದ ತಾನಾಗಿ ಜಾರಿತು. ಆಡಲು ಒಂದು ವಾಕ್ಯವೂ ಹುಟ್ಟಲಿಲ್ಲ. ಸ್ವಲ್ಪ ಹೊತ್ತು ಕಾದ ಮಾವ ಗಾಬರಿಯಿಂದ ಗಾಳಿಯಲ್ಲಿ ಕೈಯಾಡಿಸಿದರು. “ಮೇಷ್ಟ್ರೇ? ಯಾಕೆ ಮಾತೇ ನಿಂತೋಯ್ತು? ಅಲ್ಲೇ ಇದ್ದೀರಾ?” ಅವರಿಗೆ ನಾನೆಂದರೆ ಎರಡು ಕಿವಿ ಮತ್ತು ಒಂದು ಧ್ವನಿ, ಧ್ವನಿ ನಿಂತರೆ ಬಸ್‌ನಿಲ್ದಾಣದ ಗದ್ದಲದಲ್ಲಿ ಅವರು ಒಬ್ಬಂಟಿ. “ಇದ್ದೇನೆ” ಎಂದೆ. ಅವರು ನನ್ನ ಮೊಣಕೈಯನ್ನು ಹಿಡಿದವರು ಬಸ್ಸು ಹತ್ತುವವರೆಗೂ ಬಿಡಲಿಲ್ಲ. ಅಂಗಡಿಯ ಮಾತು ಮತ್ತೆ ಬರಲಿಲ್ಲ.

ಮನೆಗೆ ಬಂದು ವೈದ್ಯರು ಹೇಳಿದ್ದನ್ನು ಪದ್ಮಳಿಗೆ ಒಪ್ಪಿಸಿದೆ. ಅವಳು ಅಡಿಗೆಮನೆಯ ಒಲೆ ಆರಿಸಿ ಬಂದು, “ಹಾಳು ಕುಡಿತ. ಅವತ್ತೂ ಕುಡೀದೆ ಬಂದಿದ್ರೆ...” ಎಂದಳು. ನಾನು ಎಂದಿನಂತೆ “ಹೌದು” ಎಂದೆ. ಆದರೆ ಈ ಸಲದ ‘ಹೌದು’ ಒಳಗೆ ಟೊಳ್ಳಾಗಿತ್ತು. ಊರುಗೋಲು ಮುರಿದಿರುವುದು ಸದ್ಯಕ್ಕೆ ನನಗೊಬ್ಬನಿಗೇ ಗೊತ್ತು.

ನಿನ್ನೆ ಮಾವನ ಫೋನು ಬಂತು. ಆ ದಿನದಿಂದ ಮುಟ್ಟಿಲ್ಲವಂತೆ. ಕೈ ನಡುಗುತ್ತದಂತೆ, ನಿದ್ದೆಯಿಲ್ಲವಂತೆ, ಮನೆಯವರ ಮುಖ ಇನ್ನೂ ಪೂರ್ತಿ ಮೂಡಿಲ್ಲವಂತೆ. ಆದರೆ ಮೆಣಸಿನಕಾಯಿಯ ಕೆಂಪು ಸ್ವಲ್ಪ ತಿಳಿಯುತ್ತಿದೆಯಂತೆ. “ಇದೆಲ್ಲ ನಿಮ್ಮಿಂದ್ಲೇ ಮೇಷ್ಟ್ರೇ. ಭಾನ್ವಾರ ಬತ್ತೀನಿ. ನಿಮ್ ಮುಖ ಒಂದ್ಸಲ ನೋಡ್ಬೇಕು, ಎಷ್ಟ್ ಕಾಣ್ತದೋ ಅಷ್ಟು,” ಎಂದರು. ಅವರ ಕಣ್ಣು ಮರಳಲಿ ಎಂಬ ನನ್ನ ಹಾರೈಕೆ ಪ್ರಾಮಾಣಿಕವಾದುದು. ಆದರೆ ಹಿಂದೊಮ್ಮೆ ಅಮಲಿಲ್ಲದ ಕಣ್ಣಿನಿಂದ ನನ್ನ ಮುಖವನ್ನು ನೋಡಿದ ಮೇಲೆ ಅವರು ನೆಟ್ಟಗೆ ಎಲ್ಲಿಗೆ ಹೋದರೆಂಬುದು ಈಗ ನನಗೆ ಗೊತ್ತಿದೆ. ಆದ್ದರಿಂದ ಭಾನುವಾರ ಅವರನ್ನು ಕೂರಿಸಲು ಬೆಳಕು ಕಡಿಮೆಯಿರುವ ಮೂಲೆಯೊಂದನ್ನು ಹುಡುಕಿಟ್ಟಿದ್ದೇನೆ; ನನ್ನ ಕುರ್ಚಿಯನ್ನು ಅವರಿಗೆ ನನ್ನ ಕಿವಿ ಮಾತ್ರ ಕಾಣುವಂತೆ ಓರೆಯಾಗಿ ಹಾಕಿದ್ದೇನೆ.