ಭಾವನ ಟ್ರಂಕ್ ಕಾಲ್ ಏಜೆನ್ಸಿ

ನನ್ನ ಭಾವನಷ್ಟು ಧೈರ್ಯದ ಮಾರಾಟಗಾರ ಇಡೀ ಮಧುಗಿರಿ ತಾಲ್ಲೂಕಿನಲ್ಲಿ ಹುಟ್ಟಿಲ್ಲ, ಗಿರಾಕಿ ಎದುರಿಗೆ ಇಲ್ಲದಿದ್ದರೆ! ಎದುರಿಗೆ ಬಂದು ಕೂತನೋ, ಕಥೆ ಮುಗಿಯಿತು. ಕಣ್ಣು ನೆಲ ನೋಡುತ್ತದೆ, ಕೈ ಅಂಗಿಯ ಗುಂಡಿ ತಿರುವುತ್ತದೆ, ಬಾಯಿಂದ "ಮಳೆ ಬೆಳೆ ಹೆಂಗೆ?" ಎಂಬುದನ್ನು ಬಿಟ್ಟು ಇನ್ನೇನೂ ಹೊರಡದು. ಇಂಥ ಮನುಷ್ಯ ಎಲ್ಲಾದರೂ ಗುಮಾಸ್ತಿಕೆ ಮಾಡಿಕೊಂಡು ತೆಪ್ಪಗಿರಬಾರದೇ? ಇಲ್ಲ, ಅವರಿಗೆ ಏಜೆನ್ಸಿಯೇ ಬೇಕು. ಸೀಮೆಎಣ್ಣೆ ಸ್ಟೌವಿನ ಏಜೆನ್ಸಿ ಆರು ತಿಂಗಳಿಗೆ ಕೈಕೊಟ್ಟಿತು. ಸೋಪಿನ ಏಜೆನ್ಸಿ ಮುಳುಗಿದ ಮೇಲೆ ಉಳಿದ ಸೋಪಿನಲ್ಲಿ ನಮ್ಮ ಎರಡೂ ಮನೆಯವರು ಎರಡು ವರ್ಷ ಮಿಂದೆವು. ಮೂರನೆಯ ಏಜೆನ್ಸಿ ಆರಿಸುವಾಗ, ಕೊರಟಗೆರೆಯಲ್ಲಿ ಗುಮಾಸ್ತನಾಗಿದ್ದ ನನ್ನನ್ನು ಸಲಹೆಗೆಂದು ಕರೆಸಿದರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು.

"ಗೊಬ್ಬರದ ಏಜೆನ್ಸಿಗೆ ಗೋಡೌನ್ ಬೇಕು. ಬಿತ್ತನೆ ಕಡ್ಲೇಕಾಯಿ ತಗಂಡ್ರೆ ಇಲಿ ತಿಂತವೆ. ಇನ್ಶೂರೆನ್ಸ್ ನೋಡು, ಸರಕೇ ಇಲ್ಲ!"

"ಮತ್ತೇನು ಮಾರ್ತೀರಾ ಭಾವ?"

"ಬರೀ ಮಾತು ಕಣಯ್ಯ."

ಮಾತು! ಆ ಬಾಯಲ್ಲಿ! ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು. "ಎದುರಿಗೆ ಹೋಗಿ ಮಾತಾಡೋದೇನೂ ಇಲ್ಲ. ಎಲ್ಲಾ ಫೋನಲ್ಲೇ."

ಯಾರ ಫೋನಲ್ಲಿ? ಊರಿನಲ್ಲಿ ಫೋನಿದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು, ಭಾವನ ಮನೆ ಆ ಎಣಿಕೆಯಲ್ಲಿ ಇರಲಿಲ್ಲ. ಪಕ್ಕದ ಬಟ್ಟೆ ಅಂಗಡಿಯ ಶೆಟ್ಟರ ಫೋನೇ ಇವರ ಬಂಡವಾಳ. ಬೆಳಿಗ್ಗೆ ಟ್ರಂಕ್ ಕಾಲ್ ಬುಕ್ ಮಾಡಿದರೆ ಮಧ್ಯಾಹ್ನ ಸಿಕ್ಕರೆ ಪುಣ್ಯ. ಸಿಕ್ಕ ಮೇಲೆ ಗಂಟಲು ಹರಿಯುವಂತೆ ಕಿರುಚಬೇಕು. ಶಿರಾಕ್ಕೆ ಕೇಳಿಸುತ್ತಿತ್ತೋ ಇಲ್ಲವೋ, ಮಧುಗಿರಿ ಬಸ್ ಸ್ಟ್ಯಾಂಡಿಗಂತೂ ಚೆನ್ನಾಗಿ ಕೇಳಿಸುತ್ತಿತ್ತು.

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಒಂದೇ ಮಾತು ಹೇಳಿದಳು: "ಇದೂ ಮುಳುಗ್ತು ಅಂದ್ರೆ ಪೆಟ್ಟಿಗೆ ಎತ್ಕಂಡು ನಿನ್ ಮನೆಗೇ ಬಂದ್ಬುಡ್ತೀನಿ ಕಣ್ಲಾ. ಇನ್ನು ನನ್ ಕೈಲಾಗಲ್ಲ." ಅಕ್ಕ ಆಡಿದ ಮಾತಿಗೆ ತಪ್ಪುವವಳಲ್ಲ. ನನ್ನ ಮನೆಯೋ ಎರಡು ಕೋಣೆಯದು, ಅದರಲ್ಲಿ ಆಗಲೇ ಏಳು ಜನ. ಅದಿರಲಿ, ಅಕ್ಕನ ಸಂಸಾರ ನನ್ನ ಕಣ್ಣೆದುರೇ ಮುರಿಯುವುದನ್ನು ನೋಡುವುದು ಹೇಗೆ? ಆವತ್ತಿನಿಂದ ನನ್ನ ನಿದ್ದೆ ಹಾರಿಹೋಯಿತು.

ಇನ್ಶೂರೆನ್ಸ್ ಕಚೇರಿಯ ಕರಾರು ಖಡಕ್ಕಾಗಿತ್ತು: ಮಾರ್ಚ್ ಮುಗಿಯುವುದರೊಳಗೆ ಹನ್ನೆರಡು ಪಾಲಿಸಿ, ಇಲ್ಲದಿದ್ದರೆ ಏಜೆನ್ಸಿ ರದ್ದು. ಭಾವ ಟೆಲಿಫೋನ್ ಡೈರೆಕ್ಟರಿಯ ಮೊದಲ ಪುಟದಿಂದಲೇ ಶುರುಮಾಡಿದರು. ಮೊದಲ ಪುಟದಲ್ಲಿ ಯಾರಿರುತ್ತಾರೆ? ಪೊಲೀಸರು! ಪಕ್ಕದ ತಾಲ್ಲೂಕಿನ ಠಾಣೆಗೆ ಫೋನ್ ಹಚ್ಚಿ, ನಮಸ್ಕಾರವನ್ನೂ ಹೇಳದೆ, "ನಿಮ್ಮ ಜೀವಕ್ಕೆ ಏನು ಭದ್ರತೆ ಇದೆ? ನಾಳೆ ಏನಾದ್ರೂ ಆದ್ರೆ ಹೆಂಡ್ತಿ ಮಕ್ಕಳ ಗತಿ?" ಎಂದು ಅಬ್ಬರಿಸಿದರು. ಸಂಜೆಯೊಳಗೆ ಶೆಟ್ಟರ ಅಂಗಡಿ ಮುಂದೆ ಜೀಪು ನಿಂತಿತ್ತು. ಎದುರಿಗೆ ನಿಂತ ಇನ್ಸ್‌ಪೆಕ್ಟರಿಗೆ ನಮ್ಮ ಭಾವ ಹೇಳಿದ್ದಿಷ್ಟೇ: "ಮಳೆ ಬೆಳೆ ಹೆಂಗೆ ಸಾರ್?"

ಪಾವಗಡದ ವರ್ತಕರೊಬ್ಬರು ಇವರ ಭಾಷಣವನ್ನೆಲ್ಲ ತಾಳ್ಮೆಯಿಂದ ಕೇಳಿ, "ನೇನು ಚಚ್ಚಿಪೋತೇ ನೀಕೇಮಯ್ಯಾ ಲಾಭಂ?" ಎಂದರಂತೆ. ತಾನು ಸತ್ತರೆ ಇವರಿಗೇನು ಲಾಭ ಎಂದು ಕೇಳಿದ್ದು ನ್ಯಾಯವೇ. ಸುಳ್ಳು ಹೇಳಿ ಗೊತ್ತಿಲ್ಲದ ಭಾವ, "ಲಾಭ ಎಲ್ಲಿ ಬಂತು ಸ್ವಾಮಿ, ನಷ್ಟ! ನೀವು ಬದುಕಿದ್ರೇನೇ ನನಗೆ ಕಮಿಷನ್ನು" ಎಂದುಬಿಟ್ಟರು. ಈ ಪ್ರಾಮಾಣಿಕತೆಗೆ ಮೆಚ್ಚಿ ಅವರು ಒಂದು ಪಾಲಿಸಿ ತೆಗೆದುಕೊಂಡರು. ಫೋನಿನಲ್ಲಿ ಮಾರಾಟವಾದದ್ದು ಅದೊಂದೇ!

ಉಳಿದವು? ಮೂರು ನನ್ನವು. ಎರಡು, ಕಾಟ ತಡೆಯಲಾರದ ಶೆಟ್ಟರವು. ಐದು, ನೆಂಟರನ್ನು ಹಿಡಿದು ನಾನೇ ಮಾಡಿಸಿದ್ದು. ಅಂತೂ ಹನ್ನೊಂದಾಯಿತು. ಬೇಕಿದ್ದದ್ದು ಇನ್ನೊಂದೇ ಒಂದು, ಉಳಿದದ್ದೂ ಇನ್ನೊಂದೇ ದಿನ. ಅಕ್ಕ ಪೆಟ್ಟಿಗೆಗೆ ಸೀರೆ ಜೋಡಿಸುತ್ತಿದ್ದಳು. ನಾನು ರಜಾ ಹಾಕಿ ಮಧುಗಿರಿಗೆ ಬಂದು ಶೆಟ್ಟರ ಅಂಗಡಿಯಲ್ಲಿ ಕೂತೆ.

ಆಸೆಗಳು ಎರಡಿದ್ದವು. ಒಂದು, ಶಿರಾದ ಕಡ್ಲೇಕಾಯಿ ಮಂಡಿಯ ಸಾಹೇಬರು. ನಾಲ್ಕು ಗಂಟೆಗೆ ಫೋನಿಗೆ ಸಿಗುತ್ತೇನೆಂದಿದ್ದರು. ಇನ್ನೊಂದು, ಶೆಟ್ಟರಿಗೆ ಬಟ್ಟೆ ಮೂಟೆ ತರುವ ಲಾರಿ ಡ್ರೈವರ್. ಆತ ಫಾರಮ್ಮಿಗೆ ಸಹಿ ಹಾಕಿಟ್ಟು, "ನಮ್ಮವ್ವನ್ನ ಒಂದ್ ಮಾತು ಕೇಳ್ಬುಡಿ. ಅವ್ವ ಹ್ಞೂಂ ಅಂದ್ರೆ ಕಳ್ಸಿ" ಎಂದು ಬೊಂಬಾಯಿಗೆ ಹೋಗಿದ್ದ. ಅವ್ವ ಇದ್ದದ್ದು ಐ.ಡಿ.ಹಳ್ಳಿಯ ಪಕ್ಕದ ಕುರಿಹಟ್ಟಿಯಲ್ಲಿ. ಭಾವ ಐ.ಡಿ.ಹಳ್ಳಿ ಅಂಚೆ ಕಚೇರಿಗೆ ಆಕೆಯ ಹೆಸರಲ್ಲೇ ಕಾಲ್ ಬುಕ್ ಮಾಡಿದರು. ಅಲ್ಲಿಂದ ಯಾರೋ ಹೋಗಿ ಕರೆತರಬೇಕು.

ನಮ್ಮ ಕಡೆ ಹಳ್ಳಿಯವರಿಗೆ ಫೋನು ಬಂತೆಂದರೆ ಆಗ ಒಂದೇ ಅರ್ಥ: ಯಾರೋ ಹೋದರು. ಕ್ಷೇಮಸಮಾಚಾರಕ್ಕೆ ಕಾರ್ಡು ಬರುತ್ತಿತ್ತು, ಫೋನಲ್ಲ. ಇದು ನನಗೆ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು. ಪಾಲಿಸಿಯ ಗದ್ದಲದಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಎಂಥ ಮುಠ್ಠಾಳರು ನಾವು!

ಮೂರು ಗಂಟೆಗೆ ಫೋನು ಬಡಿದುಕೊಂಡಿತು. ಭಾವ ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಗೋಳು. ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ನನ್ ಮಗ ಹೋಗ್ಬುಟ್ನಾ ಸಾಮೀ? ಲಾರಿ ಎಲ್ ಬಿತ್ತು ಸಾಮೀ?"

"ಇಲ್ಲ ಕಣಮ್ಮಾ, ನಿನ್ ಮಗ..." ಎಂದು ಭಾವ ಕಿರುಚುವಷ್ಟರಲ್ಲಿ ಲೈನು ಕಡಿದುಹೋಯಿತು. ಮತ್ತೆ ತಿರುಗಿಸಿದರು, ಮತ್ತೆ ಮತ್ತೆ ತಿರುಗಿಸಿದರು. ಸದ್ದೇ ಇಲ್ಲ.

ಭಾವ ರಿಸೀವರ್ ಕೆಳಗಿಟ್ಟು ಚಪ್ಪಲಿ ಮೆಟ್ಟಿದರು. "ಮೂರೂವರೆ ಬಸ್ಸು ಸಿಗ್ತದೆ."

"ಭಾವ! ಸಾಹೇಬರ ಕಾಲ್?"

"ನೀನೇ ಮಾತಾಡು."

ಬಸ್ಸೆಂದರೆ ಅವರಿಗೆ ಆಗದು. ಎರಡು ಮೈಲಿಗೇ ಹೊಟ್ಟೆ ತೊಳಸಿ ಕಾರಿಕೊಳ್ಳುವ ಮನುಷ್ಯ, ತಿರುಗಿಯೂ ನೋಡದೆ ಓಡಿಯೇಬಿಟ್ಟರು.

ನಾಲ್ಕಕ್ಕೆ ಶಿರಾ ಸಿಕ್ಕಿತು. "ನಾನು ಏಜೆಂಟ್ ಸಾಹೇಬರ ಹತ್ರಾನೇ ಮಾತಾಡೋದು ಮಿಯಾ. ಮುಂದಿನ ವಾರ ನೋಡೋಣ" ಎಂದರು ಅವರು. ನಾನು ಕಂಗಾಲಾಗಿ, "ಮುಂದಿನ ವಾರ ಇಲ್ಲ ಸಾಹೇಬ್ರೇ, ನಾಳೇನೇ ಕೊನೇ ದಿನ!" ಎಂದು ಕೂಗಿದೆ. "ತೌಬಾ ತೌಬಾ!" ಎಂದವರೇ ಫೋನಿಟ್ಟರು. ಭಾವನಿಗೆ ಮಾತು ಬರುವುದಿಲ್ಲ ಎಂದು ನಗುತ್ತಿದ್ದೆನಲ್ಲ, ನನ್ನ ನಾಲಿಗೆಗೆ ಬೆಂಕಿ ಬೀಳ!

ಮರುದಿನ ಬೆಳಿಗ್ಗೆ ಭಾವ ಬಂದರು. ಮುಖ ಸುಣ್ಣವಾಗಿತ್ತು, ಟವೆಲ್ಲಿನಲ್ಲಿ ಒಂದು ಸೇರು ಹುರುಳಿ ಇತ್ತು. ಅಕ್ಕ ಪೆಟ್ಟಿಗೆಯನ್ನು ಬಾಗಿಲಿಗೆ ತಂದಿಟ್ಟಿದ್ದಳು. ಡ್ರೈವರನ ಫಾರಮ್ಮು ನನ್ನ ಕೈಯಲ್ಲೇ ಇತ್ತು. ಒಂದು "ಹ್ಞೂಂ" ಇದ್ದರೆ ಸಾಕು, ಮಧ್ಯಾಹ್ನದೊಳಗೆ ಕಚೇರಿಗೆ ಮುಟ್ಟಿಸಬಹುದು.

"ಆಯಮ್ಮ ಒಪ್ಪಿದ್ಲಾ ಭಾವ?"

"ನಾ ಹೋಗೋ ಹೊತ್ಗೆ ಒಲೆ ಆರ್ಸಿ, ಹಟ್ಟಿಯೋರೆಲ್ಲ ಸೇರ್ಬುಟ್ಟಿದ್ರು ಕಣಯ್ಯ. ನಿನ್ ಮಗ ಚೆನ್ನಾಗವ್ನೆ ಕಣಮ್ಮ, ಮೊನ್ನೆ ನನ್ ಜತೆ ಟೀ ಕುಡ್ದ ಅಂದೆ. ನನ್ ಕೈ ಹಿಡ್ಕಂಡೋಳು ಬೆಳಗಾಗೋವರ್ಗೂ ಬುಡ್ಲಿಲ್ಲ. ಬರೋವಾಗ ಈ ಹುರುಳಿ ಕಟ್ಕೊಟ್ಲು."

"ಸರಿ ಭಾವ, ಪಾಲಿಸಿ ವಿಷಯ?"

ಭಾವ ನೆಲ ನೋಡಲಿಲ್ಲ. ನನ್ನನ್ನೇ ನೇರವಾಗಿ ನೋಡಿದರು. "ಕೇಳ್ಲಿಲ್ಲ. ನಿನ್ ಮಗ ಬದುಕವ್ನೆ ಅಂತ ಹೇಳಿದ್ ಬಾಯಲ್ಲೇ, ನಾಳೆ ಸತ್ರೆ ಅಂತ ಹೆಂಗಯ್ಯ ಕೇಳ್ಲಿ?"

ನನಗೆ ಅವರ ಕಾಲು ಮುಟ್ಟಬೇಕೆನ್ನಿಸಿತು. ಅಕ್ಕ ಆ ಹುರುಳಿ ಗಂಟನ್ನು ಕೈಗೆ ತೆಗೆದುಕೊಂಡು, "ಮುಖ ತೊಳ್ಕಳಿ, ಹೊಟ್ಟೇಲಿ ಏನೂ ಇರಾಂಗಿಲ್ಲ" ಎಂದಳು. ನನ್ನ ಕಡೆ ತಿರುಗಿದಾಗ ಅವಳ ಕಣ್ಣು ತುಂಬಿತ್ತು.

"ನೀನು ಹೊರಡ್ಲಾ, ಬಸ್ಸಿಗೆ ಹೊತ್ತಾಯ್ತದೆ. ಇಂಥೋರ್ನ ಬುಟ್ಟು ನಾನೆಲ್ಲಿಗ್ಲಾ ಬರ್ಲಿ?"